ಬಕ್ಕೆನ್ ಮನೆಯ ಗುನ್ವೋರಳ ರೇಷನ್ ಕಾರ್ಡು

ಲೋಮ್‌ದಾಲ್ ಕಣಿವೆ, ನಾರ್ವೆ
6 ಏಪ್ರಿಲ್ 1942, ಈಸ್ಟರ್ ಹಬ್ಬದ ಮರುದಿನ

ಅಪ್ಪಾ,

ಇಲ್ಲಿ ಎಲ್ಲರೂ ಬದುಕಿದ್ದೇವೆ. ಕ್ಷೇಮವೋ ಅಲ್ಲವೋ ಅನ್ನುವುದು ಪತ್ರ ಮುಗಿಯುವ ಹೊತ್ತಿಗೆ ನಿನಗೇ ಗೊತ್ತಾಗುತ್ತದೆ.

ಜನವರಿ ಒಂಬತ್ತನೇ ತಾರೀಖು ಮಧ್ಯಾಹ್ನ ನೀನು ಟೋಪಿ ಹಾಕಿಕೊಂಡು, "ನಶ್ಯ ತಗೊಂಡ್ಬರ್ತೀನಿ, ಊಟದ ಹೊತ್ತಿಗೆ ಬಂದ್ಬಿಡ್ತೀನಿ" ಎಂದು ಹೇಳಿ ಹೋದೆ. ಈಗ ಮೂರು ತಿಂಗಳಾದ ಮೇಲೆ ನಿನ್ನ ಪತ್ರ ಸ್ವೀಡನ್ನಿನಿಂದ ಬಂದಿದೆ. ಅಲ್ಲಿ ನಶ್ಯ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದ್ದೇನೆ.

ನೀನು ಹೋದ ಮೂರನೇ ದಿನ ಫೌಜದಾರ ಸೀವರ್ಟ್, ಜರ್ಮನರ ಕಡೆಯ ಪಕ್ಷದ ಬಿಲ್ಲೆಯನ್ನು ಎದೆಗೆ ಚುಚ್ಚಿಕೊಂಡು ಬಂದ. "ನಿಮ್ಮಪ್ಪ ಎಲ್ಲಿ?" ಎಂದ. "ನಶ್ಯ ತರೋಕೆ ಹೋಗಿದಾನೆ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ನಿನ್ನ ಮಗಳು ಓಡ್ನಿ ಸುಳ್ಳು ಹೇಳುವುದಿಲ್ಲ ಎಂದು ಈ ಕಣಿವೆಯ ಹಸುಗಳಿಗೂ ಗೊತ್ತು, ಅವನಿಗೆ ಗೊತ್ತಿರುವುದಿಲ್ಲವೇ? ಒಂದು ವಾರ ಪೂರ್ತಿ ಅಂಗಡಿಯ ಎದುರು ಹಿಮದಲ್ಲಿ ನಿಂತು ನಿನಗಾಗಿ ಕಾದ. ಕಿವಿಯ ತುದಿ ಕಪ್ಪಾಯಿತಂತೆ. ಆಮೇಲೆ ನೀನು ಗಡಿ ದಾಟಿದ ಸುದ್ದಿ ಅವನಿಗೂ ಮುಟ್ಟಿತು. ಅಂದಿನಿಂದ ಅವನ ಲೆಕ್ಕದಲ್ಲಿ ನಾನು ಕಣಿವೆಯ ಅತಿ ದೊಡ್ಡ ಸುಳ್ಳಿ. ಹತ್ತೊಂಬತ್ತು ವರ್ಷ ನಿಜ ಹೇಳಿ ಸಂಪಾದಿಸಿದ ಹೆಸರು ಒಂದು ಡಬ್ಬಿ ನಶ್ಯದಲ್ಲಿ ಹೋಯಿತು.

ಅಜ್ಜಿ ಈಗಲೂ ಊಟಕ್ಕೆ ನಿನ್ನ ತಟ್ಟೆ ಇಡುತ್ತಾಳೆ. "ಬರ್ತಾನಾ ಇವತ್ತು?" ಎಂದು ಕೇಳುತ್ತಾಳೆ. "ಇಲ್ಲ" ಎನ್ನುತ್ತೇನೆ. ಕೇಳಿಸಿಕೊಂಡು, ಇಡುತ್ತಾಳೆ.

ನಿನ್ನ ಕಥೆಯ ಮೊದಲ ಎರಡು ಅಧ್ಯಾಯ ತಲುಪಿದವು. ಹಿಮಸಾರಂಗ ಕಾಯುವ ಮಿಕೆಲ್ ಕಾಲು ಬೆಚ್ಚಗಿರಲೆಂದು ಬೂಟಿನೊಳಗೆ ತುಂಬಿದ ಹುಲ್ಲಿನ ಅಡಿಯಲ್ಲಿಟ್ಟು ತಂದ. ವಾಸನೆಯ ಬಗ್ಗೆ ಬರೆಯುವುದಿಲ್ಲ. ಇದನ್ನು ಪ್ರತಿ ಮಾಡಿ ಹಂಚು, ಓದಿದವರ ಬೆನ್ನು ನೆಟ್ಟಗಾಗುತ್ತದೆ ಎಂದಿದ್ದೀಯ. ಅಪ್ಪಾ, ನೀನು ಇಪ್ಪತ್ತು ವರ್ಷ ವಾರಪತ್ರಿಕೆಗೆ ಜಮೀನ್ದಾರರೂ ಅನಾಥ ಕನ್ಯೆಯರೂ ಬರುವ ಧಾರಾವಾಹಿ ಬರೆದೆ. ನಾನು ಒಂದನ್ನೂ ಓದಲಿಲ್ಲ. ನಡೆಯದೆ ಇದ್ದದ್ದನ್ನು ಓದಿ ಏನು ಮಾಡಲಿ? ಈಗ ಅದನ್ನೇ ನನ್ನ ಕೈಯಿಂದ ಬರೆಯಿಸುತ್ತಿದ್ದೀಯ. ಆಗಲಿ, ಬರೆಯುತ್ತೇನೆ. ಆದರೆ ಪ್ರತಿಯೊಂದರ ತಲೆಯ ಮೇಲೂ "ಇದು ನಡೆದದ್ದಲ್ಲ, ಕಟ್ಟಿದ ಕಥೆ" ಎಂದು ಬರೆದೇ ಹಂಚುತ್ತೇನೆ. ರಸ್ತೆ ಬದಿಯ ಕಟ್ಟೆಗಳ ಮೇಲೆ ಡೇರಿಯ ಗಾಡಿಗಾಗಿ ಇಡುವ ಹಾಲಿನ ಕ್ಯಾನುಗಳಿವೆಯಲ್ಲ, ಖಾಲಿ ಕ್ಯಾನು ವಾಪಸು ಹೋಗುವಾಗ ಮುಚ್ಚಳದಲ್ಲಿ ಸೇರಿಸುತ್ತೇನೆ.

ಇನ್ನು ತಪ್ಪುಗಳು. ಒಂದು, ನಿನ್ನ ಕಥೆಯ ಗುನ್ವೋರ್ ಮುದುಕಿ ಜರ್ಮನ್ ಅಧಿಕಾರಿಗೆ ಒಂದೇ ಸಲ "ಕಾಫಿ ಕುಡಿಯಿರಿ" ಅನ್ನುತ್ತಾಳೆ, ಅವನೂ ತಕ್ಷಣ ಕೂತುಬಿಡುತ್ತಾನೆ. ಮೂರು ಸಲ ಬೇಡ ಅನ್ನಿಸಿಕೊಳ್ಳದೆ ಕಾಫಿ ಕೊಡುವ ಹೆಂಗಸು ಈ ಕಣಿವೆಯಲ್ಲಿ ಹುಟ್ಟಿದ್ದಾಳೆಯೇ? ಸ್ವೀಡನ್ನಿಗೆ ಹೋಗಿ ನೀನು ಕೆಟ್ಟಿದ್ದೀಯ. ಎರಡು, ಎಲ್ಲರ ಮೇಕೆಗಳ ಹಾಲೂ ಬತ್ತಿರುವ ಜನವರಿಯಲ್ಲಿ ಅವಳ ಮೇಕೆ ಹಾಲು ಕೊಡುತ್ತದೆ. ಮೂರು, ಅವಳ ಮನೆಗೆ ಬಕ್ಕೆನ್ ಎಂದು ಹೆಸರಿಟ್ಟಿದ್ದೀಯ. ಇಳಿಜಾರಿನಲ್ಲಿ ಕಟ್ಟಿದ ಮನೆಗೆಲ್ಲ ಬಕ್ಕೆನ್ ಎಂದೇ ಹೆಸರು, ಆ ಮನೆಯಲ್ಲಿದ್ದವರಿಗೂ ಅದೇ ಹೆಸರು. ಬಕ್ಕೆನ್ ಇಲ್ಲದ ಕಣಿವೆ ಈ ದೇಶದಲ್ಲಿಲ್ಲ. ನಮ್ಮಲ್ಲೂ ಉತ್ತರದ ಇಳಿಜಾರಿನಲ್ಲಿ, ಅಮೆರಿಕಕ್ಕೆ ಹೋದವರು ಬಿಟ್ಟ ಖಾಲಿ ಮನೆಯೊಂದು ಇದೆಯಲ್ಲ. ಜನ ಅದನ್ನೇ ಅಂದುಕೊಳ್ಳುತ್ತಾರೆ. ಬೇರೆ ಹೆಸರಿಡು.

ಕೊನೆಯ ಸುದ್ದಿ. ಮಾಸ್ತರ್ ಕೊನ್ರಾದ್ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದ್ದಾರೆ. ಜರ್ಮನರು ಕೂರಿಸಿದ ಹೊಸ ಸರ್ಕಾರದ ಶಿಕ್ಷಕರ ಸಂಘಕ್ಕೆ ಸೇರುವುದಿಲ್ಲ ಎಂದು ಬರೆದು ಕಳಿಸಿದರು. ಹಿಡಿಯಲು ಬಂದಾಗ ಶಾಲೆಯ ಕಿಟಕಿಯಿಂದ ಹಾರಿ ಕಣಕಾಲು ಮುರಿದುಕೊಂಡರು. ಸಿಕ್ಕರೆ ಉತ್ತರದ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿಂದ ಇಡಿಯಾಗಿ ಯಾರೂ ಬಂದಿಲ್ಲ. ಬೆಟ್ಟ ಹತ್ತಿ ಗಡಿ ದಾಟುವಷ್ಟು ಕಾಲು ಗಟ್ಟಿಯಾಗಬೇಕಾದರೆ ಎಲೆ ಉದುರುವ ಕಾಲ ಬರಬೇಕು.

ನೆನಪಿದೆಯಲ್ಲ, ಇದೇ ಮಾಸ್ತರು "ನಾನು ಹಕ್ಕಿಯಾಗಿದ್ದರೆ" ಎಂದು ಪ್ರಬಂಧ ಬರೆಯಲು ಹೇಳಿದಾಗ, "ನಾನು ಹಕ್ಕಿಯಲ್ಲ" ಎಂದು ಒಂದೇ ಸಾಲು ಬರೆದುಕೊಟ್ಟು, ಅವರು ನಿಲ್ಲಿಸಿದ ಮೂಲೆಯಿಂದ ನೇರವಾಗಿ ಬುತ್ತಿ ಡಬ್ಬಿ ಎತ್ತಿಕೊಂಡು ಮನೆಗೆ ಬಂದು, ಮತ್ತೆ ಶಾಲೆಯ ಮೆಟ್ಟಿಲು ಹತ್ತದೆ ಉಳಿದವಳು ನಾನು. ಈಗ ದಿನಕ್ಕೆರಡು ಸಲ ಏಣಿ ಹತ್ತಿ ಅವರಿಗೆ ಗಂಜಿ ಕೊಡುತ್ತೇನೆ. "ಶಾಲೆ ಬಿಟ್ಟ ಹುಡುಗಿ ದಿನಾ ಮಾಸ್ತರ ಹತ್ತಿರ ಬರೋ ಹಾಗಾಯ್ತಲ್ಲ" ಎಂದು ನಗುತ್ತಾರೆ. ಏಣಿ ತೆಗೆದುಬಿಡೋಣ ಅನ್ನಿಸುತ್ತದೆ.

ಸುಳ್ಳು ಬರೆಯದ ನಿನ್ನ ಮಗಳು,
ಓಡ್ನಿ


ಓಸ್ಟರ್‌ಸುಂದ್, ಸ್ವೀಡನ್
3 ಮೇ 1942

ನನ್ನ ಕಟ್ಟುನಿಟ್ಟಿನ ಸಂಪಾದಕಿಗೆ,

ಕಾಫಿಯ ತಪ್ಪು ಒಪ್ಪಿದೆ. ಮೂರು ಸಲ ಬೇಡ ಅನ್ನಿಸಿದ್ದೇನೆ. ಮೇಕೆಯ ಹಾಲನ್ನೂ ನಿಲ್ಲಿಸಿದ್ದೇನೆ. ಬಕ್ಕೆನ್ ಹೆಸರು ಮಾತ್ರ ಬದಲಾಯಿಸಲಾರೆ. ಬೇರೆ ಹೆಸರಿಟ್ಟು ನೋಡಿದೆ, ಮುದುಕಿ ಬಾಗಿಲಿಂದ ಹೊರಗೇ ಬರಲಿಲ್ಲ.

ನಡೆಯದ್ದನ್ನು ಓದಿ ಏನು ಮಾಡುವುದು ಎಂದು ಕೇಳಿದ್ದೀಯ. ನಮ್ಮ ಕಣಿವೆಯವರ ಎದುರು "ಏಳಿ, ಎದುರು ನಿಲ್ಲಿ" ಎಂದು ಭಾಷಣ ಮಾಡಿ ನೋಡು. ತಮ್ಮ ಬೂಟಿನ ತುದಿ ನೋಡುತ್ತಾ ನಿಲ್ಲುತ್ತಾರೆ, ಆಮೇಲೆ ಹಸು ಕರೆಯುವ ಹೊತ್ತಾಯಿತು ಎಂದು ಹೋಗುತ್ತಾರೆ. ಅದೇ ಜನಕ್ಕೆ, ಪಕ್ಕದ ಇಳಿಜಾರಿನ ಒಂಟಿ ಹಲ್ಲಿನ ಮುದುಕಿಯೊಬ್ಬಳು ಎದುರು ನಿಂತಳು ಎಂದು ಹೇಳು. "ಅವಳೇನು ಮಹಾ!" ಎಂದು ಮರುದಿನ ತಾವೂ ನಿಲ್ಲುತ್ತಾರೆ. ಅಷ್ಟೇ ನನ್ನ ವಿದ್ಯೆ. ಮೂರನೆಯದೂ ನಾಲ್ಕನೆಯದೂ ಇದರ ಜೊತೆಗಿವೆ.

ಇಲ್ಲಿ ಹಗಲು ಮರದ ಡಿಪೋದಲ್ಲಿ ಹಲಗೆ ಹೊರುತ್ತೇನೆ. ಮಾಸ್ತರ ಕಾಲಿಗೆ ಅಜ್ಜಿಯ ಕರ್ಪೂರದ ಎಣ್ಣೆ ಹಚ್ಚು.

ತಟ್ಟೆಯ ಬಗ್ಗೆ ಬರೆದದ್ದನ್ನು ಓದಿದೆ.

ಇಂತಿ,
ನಿನ್ನ ಅಪ್ಪ ಹಾಲ್ವೋರ್


ಲೋಮ್‌ದಾಲ್
14 ಜೂನ್ 1942

ಅಪ್ಪಾ,

ನಿನ್ನ ಮುದುಕಿ ನನ್ನನ್ನು ತೊಂದರೆಗೆ ಸಿಕ್ಕಿಸಿದ್ದಾಳೆ. ಮೊದಲು ನಗುವ ವಿಷಯ ಬರೆಯುತ್ತೇನೆ, ಆಮೇಲೆ ಅದು.

"ಅನುಮಾನ ಬರುವಂಥ ಏನನ್ನೇ ಕಂಡರೂ ಪ್ರತಿಯೊಬ್ಬರೂ ಕಚೇರಿಗೆ ಬಂದು ವರದಿ ಮಾಡತಕ್ಕದ್ದು" ಎಂಬ ಜರ್ಮನ್ ಹುಕುಂ ಎರಡು ವರ್ಷದಿಂದ ಗೋಡೆಯ ಮೇಲಿದೆ. ಯಾರೂ ಹೋಗುತ್ತಿರಲಿಲ್ಲ. ನಿನ್ನ ಎರಡನೇ ಅಧ್ಯಾಯದಲ್ಲಿ ಗುನ್ವೋರ್ ದಿನಾ ಹೋಗಿ, ಕಾಗೆ ಪಶ್ಚಿಮಕ್ಕೆ ಮುಖ ಮಾಡಿ ಕೂತಿತ್ತು ಎಂದು ವರದಿ ಕೊಡುತ್ತಾಳಲ್ಲ, ಅದನ್ನು ಓದಿದ ಮೇಲೆ ಎಲ್ಲರಿಗೂ ಹುಕುಂ ಪಾಲಿಸುವ ಆಸೆ ಬಂದುಬಿಟ್ಟಿತು. ಸೋಮವಾರ ಕಚೇರಿಯ ಮುಂದಿನ ಸಾಲು ಇಗರ್ಜಿಯ ಗೇಟಿನವರೆಗೂ ಇತ್ತು. ಅಲ್ಲಿನ ಜರ್ಮನ್ ಲೆಫ್ಟಿನೆಂಟನಿಗೆ ನಮ್ಮ ಭಾಷೆ ಬಾರದು. ಫೌಜದಾರ ಸೀವರ್ಟನೇ ಎಲ್ಲವನ್ನೂ ಕೇಳಿ, ಅನುವಾದಿಸಿ, ಬರೆದುಕೊಳ್ಳಬೇಕು. ಮುದುಕ ಎಂಬ್ರಿಕ್ ನನ್ನ ಮುಂದೆ ನಿಂತಿದ್ದ.

"ನನ್ನ ಹುಂಜ ಇವತ್ತು ಎರಡೇ ಸಲ ಕೂಗ್ತು, ಸ್ವಾಮಿ. ದಿನಾ ಮೂರು ಸಲ ಕೂಗೋದು."

"ಅದರಲ್ಲಿ ಅನುಮಾನ ಏನಯ್ಯ?"

"ಮೂರನೇದನ್ನ ಯಾರಿಗೋಸ್ಕರ ಉಳಿಸ್ಕೊಂಡಿದೆ ಅಂತ."

ಸೀವರ್ಟ್ ಬರೆದುಕೊಂಡ. ಬರೆಯದಿದ್ದರೆ ಎಂಬ್ರಿಕ್ ಅದನ್ನೂ ವರದಿ ಮಾಡುತ್ತಿದ್ದ. ಆ ವಾರವಿಡೀ ಇಬ್ಬರು ಸಿಪಾಯಿಗಳು ಹುಂಜದ ಎದುರು ಕೂತಿದ್ದರು. ಹುಲ್ಲು ಜಪ್ತಿ ಮಾಡಲು ಯಾರಿಗೂ ಪುರಸೊತ್ತಾಗಲಿಲ್ಲ.

ನನ್ನ ಸರದಿ ಬಂದಾಗ ಏನು ಹೇಳಿದೆ ಎಂದು ಕೇಳಬೇಡ. ಅನುಮಾನದ್ದು ಏನೂ ಕಂಡಿಲ್ಲ ಎಂದು ನಿಜ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ನನ್ನನ್ನು ದ್ರೋಹಿಯ ಹಾಗೆ ನೋಡಿದರು.

ಈಗ ತೊಂದರೆ. ರೇಷನ್ ಕಚೇರಿಯ ಓಲಿನೆ ಮೊನ್ನೆ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಕಣ್ಣು ಕೆಂಪಗಿತ್ತು.

"ಓಡ್ನಿ, ಕಾರ್ಡು ಶುರುವಾಗಿ ಎರಡು ವರ್ಷದ ಮೇಲಾಯ್ತು. ಬಕ್ಕೆನ್ ಮನೆಯ ಆ ಮುದುಕಿಗೆ ಒಂದೇ ಒಂದು ಕಾರ್ಡು ಹೋಗಿಲ್ಲ ಕಣೆ. ನನ್ನ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ!"

"ಅವಳೇ ಇಲ್ಲ, ಓಲಿನಕ್ಕ. ಅದು ಕಥೆ."

"ಕಥೆಯಂತೆ! ಒಂಟಿ ಹಲ್ಲು, ಎಡಗಾಲಿಗೆ ಸತ್ತ ಗಂಡನ ಬೂಟು, ಬಲಗಾಲಿಗೆ ತನ್ನದು. ಇಂಥದ್ದನ್ನ ಯಾರಾದ್ರೂ ತಲೆಯಿಂದ ಹುಟ್ಟಿಸೋಕಾಗುತ್ತಾ?"

"ಮೇಲೇ ಬರೆದಿದೀನಲ್ಲ, ನಡೆದದ್ದಲ್ಲ ಅಂತ."

"ಜರ್ಮನರ ಕಣ್ಣಿಗೆ ಮಣ್ಣೆರಚೋಕೆ ಬರೆದಿದೀಯ. ಜಾಣೆ ಕಣೆ ನೀನು. ನಾನೂ ಮೊದಲು ಮೋಸ ಹೋಗಿದ್ದೆ."

"ಆ ಮನೆಯಲ್ಲಿ ಯಾರೂ ಇಲ್ಲ ಓಲಿನಕ್ಕ, ಛಾವಣಿ ಅರ್ಧ ಬಿದ್ದಿದೆ!"

"ಹೌದು, ಪಾಪ. ಮೂರನೇ ಅಧ್ಯಾಯದಲ್ಲೂ ಸೋರುತ್ತೆ ಅಂತಲೇ ಇದೆ. ನೋಡು, ಉತ್ತರದ ಇಳಿಜಾರಿನವರನ್ನ ಕಂಡ್ರೆ ನಿಮ್ಮನೆಯವರಿಗೆ ಮೊದಲಿಂದಲೂ ಆಗಲ್ಲ. ಅದಕ್ಕೆ ಅವಳನ್ನ ಇಲ್ಲ ಅಂತಲೇ ಅಂದುಬಿಡ್ತೀಯ. ಹಸಿದ ಹೊಟ್ಟೆ ಮುಂದೆ ಜಗಳ ಇಟ್ಕೋಬಾರದು. ತಗೋ, ತಲುಪಿಸು."

ಕಾರ್ಡನ್ನು ನನ್ನ ಜೇಬಿಗೆ ತುರುಕಿ ಗುಂಡಿ ಹಾಕಿದಳು. ಹಿಟ್ಟು, ಸಕ್ಕರೆ, ಬೆಣ್ಣೆಯ ಬದಲಿಗೆ ಕೊಡುವ ಮಾರ್ಗರೀನು, ಎಲ್ಲಕ್ಕೂ ಚೀಟಿಗಳಿವೆ. ಹೆಸರು: ಗುನ್ವೋರ್ ಬಕ್ಕೆನ್, ವಿಧವೆ.

ಕಾರ್ಡು ಈಗ ಅಜ್ಜಿಯ ಪ್ರಾರ್ಥನಾ ಪುಸ್ತಕದೊಳಗಿದೆ. ಅದನ್ನು ಮುಟ್ಟುವುದಿಲ್ಲ ಎಂದು ಹೇಳಿದ್ದೇನೆ. ಅಜ್ಜಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಯಾಕೆಂದರೆ, ತಲೆಮರೆಸಿಕೊಂಡ ಮಾಸ್ತರಿಗೆ ಕಾರ್ಡಿಲ್ಲ. ಎರಡು ಕಾರ್ಡಿನಲ್ಲಿ ಮೂವರು ತಿನ್ನುತ್ತಿದ್ದೇವೆ. ಮೂವರು ಎಂದು ಬರೆದದ್ದು ಪೂರ್ತಿ ನಿಜವಲ್ಲ. ಅಜ್ಜಿ ತನ್ನ ಪಾಲನ್ನು ಅಟ್ಟಕ್ಕೆ ಕಳಿಸಿ, ತನಗೆ ಹಲ್ಲುನೋವು ಎನ್ನುತ್ತಾಳೆ. ಅವಳ ಉಂಗುರ ಮೊನ್ನೆ ಹಾಲಿನ ಬಕೆಟ್ಟಿಗೆ ಜಾರಿಬಿತ್ತು. ಮಾಸ್ತರ ಕಾಲಿನ ಮೂಳೆ ಕೂಡುತ್ತಿಲ್ಲ. ಹೀಗೇ ಆದರೆ ಎಲೆ ಉದುರಿದರೂ ಅವರು ಅಟ್ಟ ಇಳಿಯಲಾರರು, ಇನ್ನೊಂದು ಚಳಿಗಾಲ ಅಲ್ಲಿ ಅಡಗಿಸಿಡಲು ನಮ್ಮಿಂದ ಆಗದು.

ಯೋಚಿಸಿದೆ. ಕಾರ್ಡು ಗುನ್ವೋರಳದು. ಅದನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಅವಳಿಗೆ ಮಾತ್ರ. ನಾನು ತೆಗೆದುಕೊಂಡರೆ ಕಳ್ಳತನ, ಅವಳಾಗಿ ಕೊಟ್ಟರೆ ಅಲ್ಲ. ಅವಳ ಬಾಯಿ ತೆರೆಸಬಲ್ಲವನು ನೀನೊಬ್ಬನೇ. ಕೊಡುತ್ತಾಳೋ ಇಲ್ಲವೋ ಕೇಳಿ ಬರೆ. ಒತ್ತಾಯ ಮಾಡಬೇಡ. ಬೇಗ ಕೇಳು.

ಓಡ್ನಿ


ಓಸ್ಟರ್‌ಸುಂದ್
1 ಜುಲೈ 1942

ಮಗಳೇ,

ಕೇಳಿದೆ. ಐದನೇ ಅಧ್ಯಾಯದ ಈ ಭಾಗವನ್ನು ಉಳಿದದ್ದಕ್ಕಿಂತ ಮೊದಲೇ ಕಳಿಸುತ್ತಿದ್ದೇನೆ:

"ಗುನ್ವೋರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದಳು. ‘ಹಿಟ್ಟಂತೆ, ಸಕ್ಕರೆಯಂತೆ. ಇರೋ ಒಂದು ಹಲ್ಲಿಗೆ ಇಷ್ಟೆಲ್ಲ ಯಾಕೆ? ನನಗೆ ಆಲೂಗಡ್ಡೆ ಸಾಕು. ಲೇ ಹುಡುಗಿ, ಇದನ್ನ ತಗೊಂಡು ಹೋಗು. ಯಾರ ಹೆಸರಿಗೆ ಕಾರ್ಡು ಕೊಡೋಕೆ ಈ ಸರ್ಕಾರಕ್ಕೆ ಭಯವೋ ಅವರಿಗೆ ಕೊಡು. ಕೇಳಿದವರಿಗೆ ನಾನೇ ಕೊಟ್ಟೆ ಅನ್ನು. ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನನಗೆ ಗೊತ್ತು, ಅದಕ್ಕೇ ನಿಜ ಮಾಡಿಕೊಡ್ತಾ ಇದೀನಿ.’"

ಇಷ್ಟು ಸಾಕೇ? ಇದನ್ನು ನಾಲ್ಕು ಸಲ ಬರೆದೆ. ಮೊದಲ ಮೂರು ಸಲ ಮುದುಕಿ ತುಂಬ ಒಳ್ಳೆಯವಳಾಗಿಬಿಟ್ಟಿದ್ದಳು.

ನನ್ನ ಅಮ್ಮನಿಗೆ ಊಟ ಮಾಡಲು ಹೇಳು.

ಹಾಲ್ವೋರ್


ಲೋಮ್‌ದಾಲ್
30 ಆಗಸ್ಟ್ 1942

ಅಪ್ಪಾ,

ಸಾಕು. ಗುನ್ವೋರಳಿಗೆ ನನ್ನ ಕೃತಜ್ಞತೆ ತಿಳಿಸು. (ಮಾಸ್ತರು ಈ ವಾಕ್ಯ ಓದಿ, "ಇಲ್ಲದವಳಿಗೆ ಕೃತಜ್ಞತೆ ಹೇಳ್ತಿದೀಯ, ಇನ್ನೇನು ಹಕ್ಕಿಯೂ ಆಗ್ತೀಯ" ಎಂದರು. ಅವರ ಕಾಲು ಗುಣವಾಗುತ್ತಿರುವುದರ ಗುರುತು.)

ಒಂದೂವರೆ ತಿಂಗಳಿಂದ ಅವರು ಗುನ್ವೋರಳ ಹಿಟ್ಟಿನ ರೊಟ್ಟಿ ತಿನ್ನುತ್ತಿದ್ದಾರೆ. ಊರುಗೋಲಿಲ್ಲದೆ ಅಟ್ಟದ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ, ಕೆಳಗೆ ಹಸು ತಲೆ ಎತ್ತಿ ನೋಡುತ್ತದೆ. ಅಜ್ಜಿಯ ಹಲ್ಲುನೋವು ವಾಸಿಯಾಯಿತು. ಪ್ರತಿ ಮಾಡುವ ಕೆಲಸದಲ್ಲಿ ಅರ್ಧ ಮಾಸ್ತರೇ ಮಾಡುತ್ತಾರೆ, ಆದರೆ "ಇದು ನಡೆದದ್ದಲ್ಲ" ಎಂಬ ಸಾಲು ಬಿಟ್ಟುಬಿಡುತ್ತಾರೆ. ನಾನು ಮತ್ತೆ ಸೇರಿಸುತ್ತೇನೆ. ಈ ವಿಷಯಕ್ಕೆ ನಮಗೆ ದಿನಾ ಜಗಳ.

ಓಲಿನೆ ಗುನ್ವೋರಳಿಗಾಗಿ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಎರಡು ಕಾಲಿಗೆ ಎರಡು ಅಳತೆ.

ಕೆಟ್ಟ ಸುದ್ದಿಯೂ ಇದೆ. ಯಾವುದೋ ಕ್ಯಾನಿನ ಮುಚ್ಚಳದಿಂದ ಆರು ಅಧ್ಯಾಯಗಳೂ ಲೆಫ್ಟಿನೆಂಟನ ಕೈಗೆ ಹೋದವು. ಸೀವರ್ಟ್ ಮೂರು ದಿನ ಕೂತು ಅವನಿಗೆ ಅನುವಾದಿಸಿ ಹೇಳಿದನಂತೆ. ಲೆಫ್ಟಿನೆಂಟ್ ಎರಡು ಸಲ ನಕ್ಕನಂತೆ, ಆಮೇಲೆ ತನ್ನ ಬಗ್ಗೆಯೇ ಬರೆದಿದ್ದಾರೆ ಎಂದು ಹೊಳೆದು ನಗು ನಿಲ್ಲಿಸಿದನಂತೆ. ಈಗ ಇಗರ್ಜಿಯ ಬಾಗಿಲಿಗೂ ಡೇರಿಯ ಗೋಡೆಗೂ ಪ್ರಕಟಣೆ ಅಂಟಿಸಿದ್ದಾರೆ: "ಬೇಕಾಗಿದ್ದಾಳೆ. ಗುನ್ವೋರ್ ಬಕ್ಕೆನ್. ಸುಮಾರು ಎಂಬತ್ತು ವರ್ಷ. ಒಂಟಿ ಹಲ್ಲು. ಬೇರೆ ಬೇರೆ ಬೂಟು. ಅಪಾಯಕಾರಿ." ಎಂಬ್ರಿಕ್ ಹೋಗಿ, ನನ್ನ ಹೆಂಡತಿಗೂ ಒಂದೇ ಹಲ್ಲು, ಹಿಡಿದುಕೊಂಡು ಹೋಗಿ ಎಂದು ಅರ್ಜಿ ಕೊಟ್ಟ. ಹೆಂಡತಿ ಅವನನ್ನು ಎರಡು ದಿನ ಮನೆಯೊಳಗೆ ಸೇರಿಸಲಿಲ್ಲ.

ನಗು ಬರುತ್ತದೆ, ನಿಜ. ಆದರೆ ಸೀವರ್ಟ್ ರೇಷನ್ ಪುಸ್ತಕ ತರಿಸಿಕೊಂಡಿದ್ದಾನೆ. ಅದರಲ್ಲಿ ಗುನ್ವೋರಳ ಹೆಸರಿದೆ. ಚೀಟಿ ಒಯ್ದವರು ಯಾರೆಂಬ ಕಡೆ ನನ್ನ ಸಹಿಯಿದೆ. ನಾನು ನನ್ನ ಹೆಸರನ್ನೇ ಬರೆದಿದ್ದೆ, ಮತ್ತೇನು ಬರೆಯಲಿ? ಹಿಟ್ಟು ಯಾರು ತಿನ್ನುತ್ತಾರೆ ಎಂದು ಅವರು ನನ್ನನ್ನು ಕೇಳುವ ದಿನ ಬಂದೇ ಬರುತ್ತದೆ. ಅಪ್ಪಾ, ಆ ದಿನ ನನ್ನ ಬಾಯಿಂದ ಏನು ಬರುತ್ತದೋ ನನಗೆ ಗೊತ್ತಿಲ್ಲ. ಮಾಸ್ತರಿಗೂ ಇದು ಗೊತ್ತು. "ನಿನ್ನ ಬಾಯಿಗೆ ಬೀಗ ಹಾಕೋಕಾಗಲ್ಲ, ನನ್ನ ಕಾಲಿಗೇ ಹೇಳ್ತೀನಿ ಬೇಗ ಏಳು ಅಂತ" ಎಂದರು.

ಮಿಕೆಲ್ ಅಕ್ಟೋಬರ್ ಆರಂಭದಲ್ಲಿ ಹಿಂಡಿನ ಜೊತೆ ಪೂರ್ವಕ್ಕೆ ಹೊರಡುತ್ತಾನೆ. ಅವನೊಂದಿಗೆ ಕಳಿಸಬೇಕು. ಏಳನೇ ಅಧ್ಯಾಯ ಕಳಿಸು. ಜನ ಕೇಳುತ್ತಿದ್ದಾರೆ. ನಾನೂ.

ಓಡ್ನಿ


ಲೋಮ್‌ದಾಲ್
8 ಅಕ್ಟೋಬರ್ 1942

ಅಪ್ಪಾ,

ಈ ಪತ್ರ ತರುವವರು ನಿನ್ನ ಮುಂದೆ ನಿಂತಿದ್ದರೆ ಅವರಿಗೆ ಮೊದಲು ಕೂರಲು ಹೇಳು. ಮೂರು ಸಲ ಬೇಡ ಅನ್ನುತ್ತಾರೆ, ನಂಬಬೇಡ.

ಇವತ್ತು ಬೆಳಿಗ್ಗೆ ಏಳಕ್ಕೆ ಮಾಸ್ತರು ಅಟ್ಟದಲ್ಲಿ ಬೂಟಿನ ದಾರ ಕಟ್ಟುತ್ತಿದ್ದರು. ಮಧ್ಯಾಹ್ನ ಮಿಕೆಲ್ ಹೊಳೆಯ ತಿರುವಿಗೆ ಬರುವುದಿತ್ತು. ಏಳೂವರೆಗೆ ಲೆಫ್ಟಿನೆಂಟ್, ಸೀವರ್ಟ್ ಮತ್ತು ಆರು ಸಿಪಾಯಿಗಳು ಅಂಗಳಕ್ಕೆ ಬಂದರು. ರಾತ್ರಿ ಈ ವರ್ಷದ ಮೊದಲ ಹಿಮ ಬಿದ್ದಿತ್ತು. ಅಜ್ಜಿ ಅವರನ್ನು ನೋಡಿ, "ಹಸು ಕರೆಯೋ ಹೊತ್ತಾಯ್ತು" ಎಂದು ಹಿಂಬಾಗಿಲಿನಿಂದ ಹೋದಳು. ಹಸುವನ್ನು ಆಗಲೇ ಕರೆದಾಗಿತ್ತು.

ನನ್ನನ್ನು ಅಡಿಗೆಮನೆಯ ಬೆಂಚಿನ ಮೇಲೆ ಕೂರಿಸಿದರು. ಲೆಫ್ಟಿನೆಂಟ್ ಕೇಳುವುದು, ಸೀವರ್ಟ್ ತಿರುಗಿಸುವುದು.

"ಗುನ್ವೋರ್ ಬಕ್ಕೆನ್ ಗೊತ್ತಾ?"

"ಗೊತ್ತು."

"ಎಲ್ಲಿದಾಳೆ?"

"ಎಲ್ಲೂ ಇಲ್ಲ. ಅವಳು ಕಥೆಯವಳು. ಹಾಳೆಯ ಮೇಲೇ ಬರೆದಿದೆ, ನಡೆದದ್ದಲ್ಲ ಅಂತ. ಅದನ್ನ ಬರೆದವಳು ನಾನೇ."

ಹೇಳಿಬಿಟ್ಟೆ. ಸುಳ್ಳು ಹೇಳಿದರೆ ಮಾಸ್ತರು ಉಳಿಯುತ್ತಾರೆ, ನಿಜ ಹೇಳಿದರೆ ಅವರು ಹೋಗುತ್ತಾರೆ ಎಂದು ಗೊತ್ತಿದ್ದೂ ನಾಲಿಗೆ ತನ್ನ ದಾರಿ ತಾನೇ ಹಿಡಿಯಿತು. ಸೀವರ್ಟ್ ಅದನ್ನು ತಿರುಗಿಸಿ ಹೇಳಲೇ ಇಲ್ಲ, ಜೋರಾಗಿ ನಕ್ಕ.

"ಕೇಳಿ ಸಾಹೇಬ್ರೇ, ಇವಳೇ ಆ ನಶ್ಯದ ಹುಡುಗಿ. ಕಣ್ಣು ಮಿಟುಕಿಸದೆ ಸುಳ್ಳು ಹೇಳ್ತಾಳೆ. ನನ್ನನ್ನ ಒಂದು ವಾರ ಹಿಮದಲ್ಲಿ ನಿಲ್ಲಿಸಿದ್ದಳು. ಇವಳು ಇಲ್ಲ ಅಂದ್ರೆ ಇದಾಳೆ ಅಂತಲೇ ಅರ್ಥ." ಮೊದಲು ನಮ್ಮ ಭಾಷೆಯಲ್ಲಿ ನನಗೆ ಕೇಳಿಸುವಂತೆ ಹೇಳಿ, ಆಮೇಲೆ ಜರ್ಮನ್ನಿನಲ್ಲಿ ಹೇಳಿದ.

ಲೆಫ್ಟಿನೆಂಟ್ ರೇಷನ್ ಪುಸ್ತಕ ತೆರೆದು ನನ್ನ ಸಹಿಯ ಮೇಲೆ ಬೆರಳಿಟ್ಟ.

"ಇದು ನಿನ್ನ ಸಹೀನಾ?"

"ಹೌದು."

"ಹಿಟ್ಟು ಯಾರು ತಿಂದ್ರು?"

ಅಪ್ಪಾ, ಆ ಪ್ರಶ್ನೆ ಬಂದೇಬಿಟ್ಟಿತು. ಮಾಸ್ತರ ಹೆಸರು ಹಲ್ಲಿನ ಹಿಂದೆ ಬಂದು ನಿಂತಿತ್ತು. ಕೊಟ್ಟಿಗೆಯ ಕಡೆ ನೋಡಬಾರದು ಎಂದು ಒಲೆಯನ್ನೇ ನೋಡಿದೆ. ಆಗ ಐದನೇ ಅಧ್ಯಾಯ ನೆನಪಾಯಿತು. ಹದಿನೆಂಟು ಸಲ ಪ್ರತಿ ಮಾಡಿದ್ದೇನೆ, ಕಣ್ಣು ಮುಚ್ಚಿದರೂ ಬರುತ್ತದೆ.

"ಅದು ಗುನ್ವೋರಳ ಹಿಟ್ಟು. ಅವಳು ಯಾರಿಗೆ ಕೊಡು ಅಂದಳೋ ಅವರಿಗೇ ಹೋಯ್ತು."

ಸೀವರ್ಟ್ ಮೇಜಿಗೆ ಗುದ್ದಿದ. "ಅವಳು ಅಂದಳು! ಕೇಳಿದ್ರಾ ಸಾಹೇಬ್ರೇ? ಈಗ ತಾನೇ ಇಲ್ಲ ಅಂದಳು, ಈಗ ಅವಳೇ ಹೇಳಿದಳು ಅಂತಾಳೆ. ಸಿಕ್ಕಿಬಿದ್ದಳು!"

ನನ್ನನ್ನು ಹಿಡಿದ ಸಂತೋಷದಲ್ಲಿ ಇಬ್ಬರೂ ಕೈ ಕುಲುಕಿದರು. ಹಿಟ್ಟು ತಿಂದವರು ಯಾರು ಎಂಬ ಮಾತು ಅಲ್ಲಿಗೇ ಮರೆತುಹೋಯಿತು.

"ಈಗ ಎಲ್ಲಿ ಹೊರಟಿದಾಳೆ? ನಿಜ ಹೇಳು!"

"ಕಡೇ ಸಲ ನನಗೆ ತಿಳಿದಾಗ ಮನೆಗೆ ಬೀಗ ಹಾಕಿ, ಉತ್ತರದ ಬೆಟ್ಟ ಹತ್ತೋಕೆ ಶುರು ಮಾಡಿದ್ದಳು."

ನಿನ್ನ ಏಳನೇ ಅಧ್ಯಾಯ ಅಲ್ಲಿಗೇ ನಿಂತಿದೆಯಲ್ಲ. ಯಾವ ಅಧ್ಯಾಯದಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಎಲ್ಲರೂ ಬಕ್ಕೆನ್ ಮನೆಗೆ ಓಡಿದರು. ನನ್ನನ್ನೂ ಎಳೆದುಕೊಂಡು ಹೋದರು. ಖಾಲಿ ಮನೆ ತೋರಿಸಿದ ಮೇಲೆ ಏನು ಗತಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತಾ ಹೋದೆ. ದೂರದಿಂದಲೇ ನೋಡುತ್ತೇನೆ, ಹನ್ನೆರಡು ವರ್ಷದಿಂದ ಖಾಲಿಯಿದ್ದ ಮನೆಯ ಹೊಗೆಗೂಡಿನಿಂದ ಹೊಗೆ ಬರುತ್ತಿದೆ! ಒಳಗೆ ಒಲೆ ಬೆಚ್ಚಗಿತ್ತು. ಮೇಜಿನ ಮೇಲೆ ಒಂದು ಲೋಟದಲ್ಲಿ ಅರ್ಧ ಕುಡಿದ ಬಿಸಿ ಕಾಫಿ, ಒಂದು ಜೊತೆ ಹೊಸ ಕಾಲುಚೀಲ, ಎರಡು ಅಳತೆಯದು. ಹಿಂಬಾಗಿಲಿನಿಂದ ಹೊಸ ಹಿಮದ ಮೇಲೆ ಹೆಜ್ಜೆಗಳು ಹೊರಟಿದ್ದವು. ಎಡದ ಹೆಜ್ಜೆ ದೊಡ್ಡದು, ಗಂಡಸಿನ ಬೂಟು. ಬಲದ್ದು ಸಣ್ಣದು. ನೇರವಾಗಿ ಉತ್ತರದ ಬೆಟ್ಟಕ್ಕೆ.

ಲೆಫ್ಟಿನೆಂಟ್ ಆ ಹೆಜ್ಜೆಯ ಪಕ್ಕದಲ್ಲಿ ಮಂಡಿಯೂರಿ ಕೂತು, ಕೈಗವಸು ತೆಗೆದು ಬೆರಳಿಂದ ಅಳೆದ. ಅವನ ಮುಖ ನೋಡಿದರೆ, ಓದಿದ ಪುಸ್ತಕದವರನ್ನು ಎದುರಿಗೆ ಕಾಣುವವನ ಮುಖ. ನನ್ನನ್ನು ಅಲ್ಲೇ ಬಿಟ್ಟು ಎಲ್ಲರೂ ಬೆಟ್ಟ ಹತ್ತಿದರು.

ಮನೆಗೆ ಬಂದೆ. ಅಜ್ಜಿ ಒಲೆಯ ಮುಂದೆ ಕಾಲು ಕಾಯಿಸುತ್ತಾ ಕೂತಿದ್ದಳು. ಎಡಗಾಲಿನಲ್ಲಿ ಸತ್ತ ತಾತನ ಬೂಟಿತ್ತು.

"ಬರೀ ಬಂಡೆ ಸಿಗೋವರೆಗೂ ಹೋದೆ" ಎಂದಳು. "ಅಲ್ಲಿಂದ ತೊರೆಯಲ್ಲಿ ಇಳಿದು ಬಂದೆ. ಎಪ್ಪತ್ತೆಂಟು ವರ್ಷಕ್ಕೆ ಇದೆಲ್ಲ ಬೇಕಿತ್ತಾ? ನಿಮ್ಮಪ್ಪನಿಗೆ ಬರಿ, ಮುದುಕೀರನ್ನ ಇಷ್ಟು ದೂರ ನಡೆಸಬಾರದು ಅಂತ."

"ಒಲೆ ನೀನೇ ಹಚ್ಚಿದ್ಯಾ ಅಜ್ಜಿ?"

"ನಾನು ಹೋಗೋ ಹೊತ್ತಿಗೆ ಓಲಿನೆ ಊದ್ತಾ ಕೂತಿದ್ದಳು. ನಾನೇನೂ ಕೇಳ್ಲಿಲ್ಲ, ಅವಳೂ ಏನೂ ಕೇಳ್ಲಿಲ್ಲ. ಕಾಫಿ ಕುಡೀತೀಯಾ ಅಂದಳು. ಬೇಡ ಅಂದೆ. ಮೂರನೇ ಸಲ ಕೇಳೋ ಹೊತ್ತಿಗೆ ನೀವೆಲ್ಲ ಕೆಳಗೆ ದೂರದಲ್ಲಿ ಕಣ್ಣಿಗೆ ಬಿದ್ರಿ. ಅರ್ಧ ಲೋಟಾನೇ ಕುಡಿಯೋಕಾಗಿದ್ದು. ಅವಳು ಹೆಜ್ಜೆ ಬೀಳದ ಹಾಗೆ ಪಕ್ಕದ ತೊರೆಯಲ್ಲೇ ಇಳಿದು ಕಚೇರಿಗೆ ಹೋದಳು."

ಓಲಿನೆ ಗುನ್ವೋರ್ ಇದ್ದಾಳೆ ಎಂದು ಈಗಲೂ ನಂಬುತ್ತಾಳೋ, ನಂಬಿದವಳ ಹಾಗೆ ಇರುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ.

ಮಿಕೆಲ್ ಬಂದಿದ್ದಾನೆ. ಸಿಪಾಯಿಗಳೆಲ್ಲ ಉತ್ತರದಲ್ಲಿದ್ದಾರೆ, ಪೂರ್ವದ ದಾರಿ ಖಾಲಿ. ಮಾಸ್ತರು ಬಾಗಿಲಲ್ಲಿ ನಿಂತು, "ಓಡ್ನಿ, ನನಗೆ ಒಂದು ಪ್ರಬಂಧ ಬಾಕಿ ಇದೆ" ಎಂದರು. ಈ ಹಾಳೆಯ ಕೆಳಗೆ ಬರೆದಿದ್ದೇನೆ, ಕೊಟ್ಟುಬಿಡು:

ನಾನು ಹಕ್ಕಿಯಾಗಿದ್ದರೆ ಈ ಪತ್ರ ಬೂಟಿನ ವಾಸನೆ ಹೊಡೆಯುತ್ತಿರಲಿಲ್ಲ.

ಓಡ್ನಿ


ಓಸ್ಟರ್‌ಸುಂದ್
2 ನವೆಂಬರ್ 1942

ಓಡ್ನಿ,

ಕೂತರು. ಮೂರನೇ ಸಲಕ್ಕೆ. ಆಮೇಲೆ ನಾಲ್ಕು ತಟ್ಟೆ ಸಾರು ಕುಡಿದರು. ಪ್ರಬಂಧವನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡಿದ್ದಾರೆ, ಪಾಸು ಎಂದು ನಿನಗೆ ತಿಳಿಸಬೇಕಂತೆ.

ನಿನ್ನ ಪತ್ರವನ್ನು ಅವರು ಗಟ್ಟಿಯಾಗಿ ಓದಿದರು. ನಶ್ಯದ ಮಾತು ಬಂದಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಹತ್ತು ತಿಂಗಳಿಂದ ನಿನಗೆ ಬರೆಯದ್ದನ್ನು ಈಗ ಬರೆಯುತ್ತೇನೆ. ಇದು ಕಟ್ಟಿದ್ದಲ್ಲ.

ಜನವರಿಯ ಆ ದಿನ ನನ್ನನ್ನು ಹಿಡಿಯಲು ಬರುತ್ತಾರೆ ಎಂದು ಬೆಳಿಗ್ಗೆಯೇ ಗೊತ್ತಾಗಿತ್ತು. ನನ್ನ ಅಮ್ಮನಿಗೆ ಹೇಳಿದೆ. ನಿನಗೆ ಹೇಳಲಿಲ್ಲ. ಗಡಿ ಮುಟ್ಟಲು ಮೂರು ದಿನ ಬೇಕಿತ್ತು, ಕೇಳಿದರೆ ನೀನು ನಿಜ ಹೇಳುವವಳು. ಆದ್ದರಿಂದ ಹೇಳಿಕೊಳ್ಳಲು ನಿನಗೆ ಒಂದು ನಿಜ ಕೊಟ್ಟು ಹೋದೆ. ನೀನು ಅದನ್ನು ಹೇಳಿದೆ. ಸೀವರ್ಟ್ ಒಂದು ವಾರ ಅಂಗಡಿಯ ಮುಂದೆ ನಿಂತ. ನಾನು ಬದುಕಿದೆ. ನಿನ್ನ ಹೆಸರು ಹೋಯಿತು.

ಬಾಗಿಲು ಹಾಕುವಾಗ ನೀನು, "ಊಟಕ್ಕೆ ಮೀನಿದೆ, ತಡ ಮಾಡಬೇಡ" ಅಂದಿದ್ದೆ.

ಎಂಟನೇ ಅಧ್ಯಾಯ ಬರೆಯಲಾಗುತ್ತಿಲ್ಲ. ಗುನ್ವೋರ್ ಬೆಟ್ಟದ ಮೇಲೆ ನಿಂತಿದ್ದಾಳೆ. ಅವಳನ್ನು ಮನೆಗೆ ಕರೆತರುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಅಪ್ಪ


ಲೋಮ್‌ದಾಲ್
6 ಡಿಸೆಂಬರ್ 1942

ಅಪ್ಪಾ,

ಅಜ್ಜಿಗೆ ಮೊದಲೇ ಗೊತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ನಿಜ ಹೇಳುವವಳು ನಾನೊಬ್ಬಳೇ ಎಂದು ತಿಳಿದಿದ್ದೆ. ಅದು ಸರಿ ಎಂದೇ ಆಯಿತು. ನಾಲ್ಕು ದಿನ ನಿನ್ನ ಮೇಲೂ ಅವಳ ಮೇಲೂ ಸಿಟ್ಟು ಮಾಡಿಕೊಂಡು ಸೌದೆ ಒಡೆದೆ. ಈ ಚಳಿಗಾಲಕ್ಕೆ ಬೇಕಾದಷ್ಟು ಒಡೆದಾಗಿದೆ.

ಸಿಪಾಯಿಗಳು ಮೂರು ದಿನ ಬೆಟ್ಟದ ಮೇಲಿದ್ದು ಕೆಮ್ಮುತ್ತಾ ಇಳಿದರು. ಲೆಫ್ಟಿನೆಂಟನನ್ನು ಬೇರೆ ಕಡೆ ವರ್ಗ ಮಾಡಿದ್ದಾರೆ. ಹೋಗುವಾಗ ಆ ಆರು ಅಧ್ಯಾಯಗಳ ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದನೆಂದು ಓಲಿನೆ ಹೇಳಿದಳು. ಸೀವರ್ಟ್ ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತಾನೆ. ಓಲಿನೆ ಗುನ್ವೋರಳ ಹೆಸರಿನ ಮುಂದೆ "ಊರಲ್ಲಿಲ್ಲ, ಬರುತ್ತಾಳೆ" ಎಂದು ಬರೆದುಕೊಂಡಿದ್ದಾಳೆ.

ಅವಳನ್ನು ಮನೆಗೆ ಕರೆತರುವುದು ಹೇಗೆಂದು ನಿನಗೆ ತಿಳಿಯದಿದ್ದರೆ ಬಿಡು, ಎಂಟನೆಯದನ್ನು ನಾನೇ ಬರೆಯುತ್ತೇನೆ. ಬಂದ ದಾರಿಯಲ್ಲೇ ಇಳಿದರಾಯಿತು, ಅದರಲ್ಲೇನಿದೆ?

ನಿನ್ನೆ ಸಂಜೆ ಊಟಕ್ಕೆ ಅಜ್ಜಿ ನಿನ್ನ ತಟ್ಟೆ ಇಟ್ಟಳು. "ಬರ್ತಾನಾ?" ಎಂದಳು. ನಾನು "ಇಲ್ಲ" ಎನ್ನಲು ಬಾಯಿ ತೆರೆದೆ. "ಬರ್ತಾನೆ" ಎಂದೆ.

ಅಜ್ಜಿ ಚಮಚ ಕೆಳಗಿಟ್ಟಳು. "ನೀನು ಹೇಳಿದ ಮೇಲೆ ಮುಗೀತು" ಎಂದಳು. ತಟ್ಟೆಯನ್ನು ಏಪ್ರನ್ನಿನ ತುದಿಯಿಂದ ಒಮ್ಮೆ ಒರೆಸಿ ಮತ್ತೆ ಅಲ್ಲೇ ಇಟ್ಟಳು.

ನಾನು ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಇಂಥದ್ದನ್ನು ಇಟ್ಟುಕೊಂಡು ಅಭ್ಯಾಸವಿಲ್ಲ, ನಿದ್ದೆ ಬರುತ್ತಿಲ್ಲ. ಯುದ್ಧ ಮುಗಿದ ದಿನ ಊಟದ ಹೊತ್ತಿಗೆ ಬಂದು ಅದನ್ನು ನಿಜ ಮಾಡು. ಮೀನು ಮಾಡಿರುತ್ತೇನೆ.

ಬರುವಾಗ ನಶ್ಯ ತರುವುದನ್ನು ಮರೆಯಬೇಡ. ಸೀವರ್ಟನಿಗೆ ನಾನು ಹಾಗೆ ಹೇಳಿದ್ದೇನೆ.

ನಿನ್ನ ಮಗಳು,
ಓಡ್ನಿ